ನಿರುಪದ್ರವಿ ಯೀಸ್ಟ್ ರೋಗವಾಗುವುದು ಯಾವಾಗ?

ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬುದು ಒಂದು ಬಗೆಯ ಯೀಸ್ಟ್, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಶಿಲೀಂಧ್ರ. ಆರೋಗ್ಯವಂತರಾದ ಅನೇಕರ ಬಾಯಿ, ಕರುಳು ಮತ್ತು ಮಹಿಳೆಯರ ಗುಪ್ತಾಂಗದಲ್ಲಿ ಇದು ತೊಂದರೆ ಕೊಡದೆ ಇರುತ್ತದೆ. (ನಾನ್, ಬ್ರೆಡ್‌ಗೆ ಹಾಕುವ ಯೀಸ್ಟ್ ಬೇರೆ. ಅದನ್ನು ತಿಂದರೆ ಈ ರೋಗ ಬರುವುದಿಲ್ಲ.)

ಇದನ್ನು ಹದ್ದಿನಲ್ಲಿಡುವುದು ನಮ್ಮ ರೋಗನಿರೋಧಕ ಶಕ್ತಿ ಮತ್ತು ದೇಹದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು. ಗುಪ್ತಾಂಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಆಮ್ಲವನ್ನು ತಯಾರಿಸುತ್ತಿರುತ್ತದೆ. ಈ ಕಾವಲು ಸಡಿಲವಾದಾಗ ಯೀಸ್ಟ್ ತನ್ನ ಆಕಾರವನ್ನೇ ಬದಲಿಸುತ್ತದೆ. ದುಂಡಗಿದ್ದ ಕೋಶದಿಂದ ಉದ್ದನೆಯ ಎಳೆ ಹೊರಟು ಚರ್ಮದ ಒಳಪದರಕ್ಕೆ ಇಳಿಯುತ್ತದೆ. ಆ ಎಳೆಗಳು ನಮ್ಮ ಕೋಶಗಳನ್ನು ತೂತು ಮಾಡುವ ವಿಷವನ್ನೂ ಸ್ರವಿಸುತ್ತವೆ. ಕ್ಯಾಂಡಿಡಾಲೈಸಿನ್ ಎಂಬ ಈ ವಿಷವನ್ನು ವಿಜ್ಞಾನಿಗಳು ವಿವರಿಸಿದ್ದು 2016ರಲ್ಲಿ. ತುರಿಕೆ, ಉರಿ, ಮೊಸರಿನ ಗಟ್ಟಿಯಂತಹ ಬಿಳಿಸೆರಗು ಕಾಣಿಸಿಕೊಳ್ಳುವುದು ಆಗಲೇ.

ಕಾವಲು ಸಡಿಲವಾಗಲು ಆಂಟಿಬಯೋಟಿಕ್ ಮಾತ್ರೆ ಒಂದು ಕಾರಣ. ಅದು ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಗರ್ಭಧಾರಣೆ, ಸ್ಟೆರಾಯ್ಡ್ ಔಷಧಿಗಳು ಇತರ ಕಾರಣಗಳು. ಎಲ್ಲಕ್ಕಿಂತ ಹೆಚ್ಚಾಗಿ ನಾನು ಸಕ್ಕರೆ ಕಾಯಿಲೆಯತ್ತ ಬೆರಳು ತೋರಿಸುತ್ತೇನೆ. ತೊಂದರೆ ಮತ್ತೆ ಮತ್ತೆ ಮರುಕಳಿಸುತ್ತಿದ್ದರೆ ಹೊಸ ಮುಲಾಮು ಕೊಳ್ಳುವ ಮೊದಲು ರಕ್ತದ ಸಕ್ಕರೆ ಪರೀಕ್ಷಿಸಿ. ತನಗೆ ಸಕ್ಕರೆ ಕಾಯಿಲೆ ಇದೆಯೆಂದು ಕೆಲವರಿಗೆ ಗೊತ್ತಾಗುವುದೇ ಹೀಗೆ.

ಪಾಕಿಯಾಗಿರಬೇಕೆಂಬ ಕಾಳಜಿಯಿಂದ ಕೆಲವು ಸಹೋದರಿಯರು ಪ್ರತಿ ನಮಾಝ್‌ಗೆ ಮುನ್ನ ಸೋಪು ಅಥವಾ ಡೆಟಾಲ್ ಹಾಕಿ ಒಳಗಿನವರೆಗೂ ತೊಳೆಯುತ್ತಾರೆ. ಇದರಿಂದ ಆಮ್ಲ ಹಾಗೂ ಒಳ್ಳೆಯ ಬ್ಯಾಕ್ಟೀರಿಯಾಗಳ ಸಮತೋಲನ ಕೆಡುತ್ತದೆ, ಉರಿ ಹೆಚ್ಚುತ್ತದೆ. ಹೊರಭಾಗವನ್ನು ಬರೀ ನೀರಿನಿಂದ ತೊಳೆದು, ಒದ್ದೆ ಇಲ್ಲದಂತೆ ಒರೆಸಿ, ಹತ್ತಿಯ ಒಳ ಉಡುಪು ಧರಿಸಿದರೆ ಸಾಕು. ಬೆಳ್ಳುಳ್ಳಿ ಇಡುವ ಮನೆಮದ್ದನ್ನು ನಾನು ಯುನಾನಿ ವೈದ್ಯನಾಗಿದ್ದೂ ಒಪ್ಪುವುದಿಲ್ಲ. ಅದು ಮೃದು ಚರ್ಮವನ್ನು ಸುಡುತ್ತದೆ.

ನಾಲ್ವರು ಮಹಿಳೆಯರಲ್ಲಿ ಸುಮಾರು ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ ಕಾಯಿಲೆ ಇದು. ಮದುವೆಯಾಗದವರಿಗೂ ಬರುತ್ತದೆ. ಹಾಗಿರುವಾಗ ಇದನ್ನು ಹೆಂಡತಿಯ ನಡತೆಗೋ ಗಂಡನ ನಡತೆಗೋ ಗಂಟು ಹಾಕುವುದು ದೊಡ್ಡ ಅನ್ಯಾಯ. ಆ ಭಯಕ್ಕೇ ಎಷ್ಟೋ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಆದರೆ ಎಲ್ಲ ಬಿಳಿಸೆರಗೂ ಯೀಸ್ಟ್‌ನದಲ್ಲ. ದುರ್ವಾಸನೆ, ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಕಾರಣ ಬೇರೆ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ. ಗರ್ಭಿಣಿಯರು ತಾವಾಗಿಯೇ ಮಾತ್ರೆ ನುಂಗಬಾರದು.

ಆಸ್ತಮಾಕ್ಕೆ ಸ್ಟೆರಾಯ್ಡ್ ಇನ್‌ಹೇಲರ್ ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಬೇಕು. ಹಾಲುಗೂಸಿನ ನಾಲಗೆಯ ಮೇಲಿನ ಬಿಳುಪು ಹಾಲಿನದಾದರೆ ಒದ್ದೆ ಬಟ್ಟೆಯಿಂದ ಒರೆಸಿದಾಗ ಹೋಗುತ್ತದೆ. ಯೀಸ್ಟ್‌ನದಾದರೆ ಸುಲಭವಾಗಿ ಹೋಗುವುದಿಲ್ಲ. ತಿಕ್ಕಿ ತೆಗೆಯಬೇಡಿ, ಅಡಿಯಲ್ಲಿ ಕೆಂಪು ಗಾಯವಾಗುತ್ತದೆ. ಮಗುವಿನ ಜೊತೆ ತಾಯಿಯ ಮೊಲೆತೊಟ್ಟನ್ನೂ ವೈದ್ಯರಿಗೆ ತೋರಿಸಬೇಕು, ಸೋಂಕು ಒಬ್ಬರಿಂದೊಬ್ಬರಿಗೆ ಮರಳುತ್ತಿರುತ್ತದೆ.