ಕೈ ಜೋಮು ಹಿಡಿಯುವ ಮುನ್ನ: ವಾದ್ಯ ನುಡಿಸುವವರಿಗೆ ಹತ್ತು ಸೂತ್ರಗಳು

ಕೆ.ಆರ್. ನಗರದ ಕಡೆಯ ಒಂದು ಊರಿನಲ್ಲಿ 'ಕುರುಕ್ಷೇತ್ರ' ನಾಟಕ. ಬೆಳಗಿನ ಜಾವ ಮೂರು ಗಂಟೆ. ಕರ್ಣನ ಪದಕ್ಕೆ ಜನ ಒನ್ಸ್ ಮೋರ್ ಕೂಗಿ, ಪದ ಎರಡನೇ ಸಲವೂ ಮುಗಿದಿದೆ. ಮಾತು ಶುರುವಾದ ಕೂಡಲೇ ಹಾರ್ಮೋನಿಯಂ ಮೇಷ್ಟ್ರು ಬಲಗೈಯನ್ನು ಕುರ್ಚಿಯ ಪಕ್ಕಕ್ಕೆ ಇಳಿಬಿಟ್ಟು, ಒದ್ದೆ ಕೈಯಿಂದ ನೀರು ಕೊಡವುವ ಹಾಗೆ ನಾಲ್ಕು ಸಲ ಕೊಡವುತ್ತಾರೆ. ಪಕ್ಕದಲ್ಲಿ ಕೂತ ತಬಲಾದವರೂ ಅದನ್ನು ಗಮನಿಸುವುದಿಲ್ಲ. ತಿಳಿದ ಡಾಕ್ಟರ್ ನೋಡಿದ್ದರೆ ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತಿತ್ತು. ಆ ಮೇಷ್ಟ್ರು ನಾನೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ತಮಟೆ, ನಗಾರಿ, ಕಂಸಾಳೆ, ಓಲಗ, ಡೋಲು, ತಂಬೂರಿ, ಹಾರ್ಮೋನಿಯಂ ಹಿಡಿದು ಬದುಕುವವರು ಊರೂರಿಗೆ ಇದ್ದಾರೆ. ಗಂಟಲು ಕಟ್ಟಿದರೆ ಇವರು ಕಷಾಯ ಕುಡಿಯುತ್ತಾರೆ, ಕಾಲು ಉಳುಕಿದರೆ ಪಟ್ಟು ಹಾಕಿಸುತ್ತಾರೆ. ಕೈ ನೋವು, ಜೋಮು ಬಂದರೆ ಮಾತ್ರ "ಸಾಧನೆ ಅಂದ್ರೆ ಹಾಗೇನೇ" ಎಂದು ಸುಮ್ಮನಾಗುತ್ತಾರೆ. ಈ ಮಾತು ನನ್ನಿಂದ ಎಂಟು ತಿಂಗಳು ಕಿತ್ತುಕೊಂಡಿತು. ನಿಮ್ಮಿಂದ ಕಿತ್ತುಕೊಳ್ಳದಿರಲಿ ಎಂದು ಈ ಸೂತ್ರಗಳು.

1. ಯಾವ ಬೆರಳು ಎಂದು ಮೊದಲು ಗುರುತಿಸಿ

"ಕೈಯೆಲ್ಲ ಜೋಮು" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಜೋಮು ಬಂದಾಗ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ ಜೋಮು ಹಿಡಿದಿದ್ದರೆ ತೊಂದರೆ ಹೆಚ್ಚಾಗಿ ಮಣಿಕಟ್ಟಿನಲ್ಲಿರುತ್ತದೆ. ಅಲ್ಲಿ ಮೂಳೆ ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ಸುರಂಗವಿದೆ. ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಅದರೊಳಗೇ ಹಾದುಹೋಗಬೇಕು. ರಜ್ಜುಗಳು ಊದಿಕೊಂಡರೆ ಒತ್ತಡ ಬೀಳುವುದು ನರದ ಮೇಲೆ. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್. ನಿದ್ದೆಯಲ್ಲಿ ಎಚ್ಚರವಾಗಿ ಕೈ ಕೊಡವುವುದು ಇದರ ಗುರುತು. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳನ್ನು ನೆಲದ ಕಡೆ ಇಳಿಬಿಟ್ಟು ಒಂದು ನಿಮಿಷ ಹಿಡಿಯಿರಿ. ಆ ಬೆರಳುಗಳು ಜುಮ್ಮೆಂದರೆ ಡಾಕ್ಟರ ಹತ್ತಿರ ಹೋಗಿ.

ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು ಹಿಡಿದರೆ ಮೊಣಕೈ ನೋಡಬೇಕು. ಬಾಗಿಲಿಗೆ ತಗುಲಿದರೆ ಕರೆಂಟ್ ಹೊಡೆದ ಹಾಗಾಗುವ ಜಾಗವಿದೆಯಲ್ಲ, ಅಲ್ಲಿ ಅಲ್ನರ್ ನರ ಹಾದುಹೋಗುತ್ತದೆ. ಮೊಣಕೈ ಮಡಚಿಕೊಂಡೇ ಗಂಟೆಗಟ್ಟಲೆ ಇರುವ ಪಿಟೀಲಿನವರ ಎಡಗೈಗೆ ಈ ಕಾಟ ಬರಬಹುದು.

ಜೋಮಿಲ್ಲದೆ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕ ಚುಚ್ಚಿದರೆ ಅದು ರಜ್ಜುವಿನ ಉರಿಯೂತ. ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿ ಕೈಯನ್ನು ಕಿರುಬೆರಳ ಕಡೆಗೆ ಬಗ್ಗಿಸಿದರೆ ಜೀವ ಹೋಗುವ ಹಾಗೆ ನೋಯುತ್ತದೆ. ಕಂಸಾಳೆ ಬೀಸುವವರು ಈ ಜಾಗದ ಮೇಲೆ ಕಣ್ಣಿಡಿ.

ಕತ್ತು ತಿರುಗಿಸಿದಾಗ ಭುಜದಿಂದ ಬೆರಳ ತನಕ ಚಳುಕು ಇಳಿದರೆ ಮೂಲ ಕುತ್ತಿಗೆಯಲ್ಲಿದೆ, ಕೈಯಲ್ಲಿಲ್ಲ.

2. ಜಾತ್ರೆಗೆ ಒಂದೂವರೆ ತಿಂಗಳು ಮುಂಚೆಯೇ ಕೈ ಹದ ಮಾಡಿ

ನಮ್ಮ ಕಡೆಯ ವಾದ್ಯಗಾರರ ಕೈ ಕೆಡುವುದು ಹೆಚ್ಚು ನುಡಿಸುವುದರಿಂದ ಎನ್ನುವುದಕ್ಕಿಂತ, ದಿಢೀರನೆ ನುಡಿಸುವುದರಿಂದ ಎಂದು ನಾನು ನಂಬಿದ್ದೇನೆ. ಮಳೆಗಾಲದಲ್ಲಿ ತಮಟೆ ಅಟ್ಟದ ಮೇಲಿರುತ್ತದೆ. ಹುಣಸೂರಿನ ಹನುಮ ಜಯಂತಿ ಮೆರವಣಿಗೆ, ಸಂಕ್ರಾಂತಿ ಹೊತ್ತಿನ ಚುಂಚನಕಟ್ಟೆ ಜಾತ್ರೆ, ಆಮೇಲೆ ಊರೂರ ಹಬ್ಬ ಅಂತ ಶುರುವಾದರೆ ಬೇಸಿಗೆ ಮುಗಿಯುವವರೆಗೆ ಕೋಲು ಕೆಳಗಿಡುವಂತಿಲ್ಲ. ದಸರಾದಲ್ಲಿ ಅವಕಾಶ ಸಿಕ್ಕಿದರಂತೂ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ಬಾರಿಸುತ್ತಾ, ಕುಣಿಯುತ್ತಾ ನಡೆಯಬೇಕು. ಎತ್ತಿಗಾದರೆ ಉಳುಮೆಗೆ ಮುಂಚೆ ಮೈ ಬಿಸಿ ಮಾಡಿಸುತ್ತೇವೆ, ನಮ್ಮ ಕೈಗೆ ಆ ಮರ್ಯಾದೆ ಇಲ್ಲ.

ಮೊದಲ ವಾರ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಸಾಕು. ವಾರವಾರ ಐದೈದು ನಿಮಿಷ ಏರಿಸಿ. ವೇಗದ ಗತ್ತುಗಳನ್ನು ಮೂರನೇ ವಾರಕ್ಕೆ ಬಿಡಿ. ಮಾರನೇ ದಿನ ಬೆಳಿಗ್ಗೆಯೂ ನೋವು ಉಳಿದಿದ್ದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ.

3. ಹೊಲದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ

ಪರದೇಶದ ಪುಸ್ತಕಗಳು "ದಿನಕ್ಕೆ ಎಷ್ಟು ಗಂಟೆ ನುಡಿಸುತ್ತೀರಿ" ಎಂದು ಕೇಳುತ್ತವೆ. ನಮ್ಮವರಿಗೆ ಆ ಪ್ರಶ್ನೆ ಸಾಲದು. ಹುಣಸೂರು, ಪಿರಿಯಾಪಟ್ಟಣದ ಕೈ ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಏರಿಸಿ ಬಂದ ಕೈ. ಕೆ.ಆರ್. ನಗರದ ಕೈ ಭತ್ತದ ಪೈರು ಕಿತ್ತು ನಾಟಿ ಹಾಕಿದ ಕೈ. ಎರಡು ಹೊತ್ತು ಹಾಲು ಕರೆಯುವುದೂ ಇದೇ ಕೈ. ಸೊಪ್ಪು ಕಟ್ಟುವಾಗ ಹೆಬ್ಬೆರಳೂ ತೋರುಬೆರಳೂ ಮಾಡುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ: ಎಲೆ ಜೋಡಿಸು, ದಾರ ಸುತ್ತು, ಬಿಗಿ, ಮತ್ತೆ ಎಲೆ. ಸಾವಿರ ಸಲ. ಸಂಜೆ ಅದೇ ಎರಡು ಬೆರಳು ಕೋಲು ಹಿಡಿಯಬೇಕು.

ಕೆಲಸ ಬಿಡಿ ಎಂದು ನಾನು ಹೇಳಲಾರೆ, ಹೊಟ್ಟೆಪಾಡು. ಆದರೆ ಕಾರ್ಯಕ್ರಮದ ಹಿಂದಿನ ದಿನ ಸೊಪ್ಪು ಕಟ್ಟುವ ಪಾಳಿಯನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟು, ನೀವು ನೀರು ಕಟ್ಟುವ ಕೆಲಸಕ್ಕೆ ಹೋಗಬಹುದು. ಅಷ್ಟು ಮಾಡಿದರೂ ಕೈ ಉಸಿರಾಡುತ್ತದೆ.

4. ವಾದ್ಯಕ್ಕೆ ನೀವು ಬಗ್ಗಬೇಡಿ, ವಾದ್ಯವನ್ನು ನಿಮಗೆ ಹೊಂದಿಸಿ

ನನ್ನ ಕಾಯಿಲೆಯ ಮೂಲ ಒಂದು ಮೇಜು. ಕುರ್ಚಿಗಿಂತ ತುಂಬಾ ಎತ್ತರದ ಮೇಜಿನ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಇಟ್ಟು ವರ್ಷಗಟ್ಟಲೆ ನುಡಿಸಿದೆ. ಮಣೆಗಳನ್ನು ಮುಟ್ಟಲು ಮಣಿಕಟ್ಟನ್ನು ಪೆಟ್ಟಿಗೆಯ ಅಂಚಿಗೆ ಒತ್ತಿ ಮೇಲಕ್ಕೆ ಮಡಚಬೇಕಿತ್ತು. ಆ ಅಂಚು ನರದ ಮೇಲೇ ಕೂರುತ್ತಿತ್ತು. ಉಳುಕು ತೆಗೆಯುತ್ತೇನೆಂದ ಒಬ್ಬರು ಮಣಿಕಟ್ಟನ್ನು ತಿರುಚಿ ತಿರುಚಿ ಎಣ್ಣೆ ತಿಕ್ಕಿದರು, ಊತ ಇನ್ನೂ ಏರಿತು. ಕೊನೆಗೆ ಮೈಸೂರಿನಲ್ಲಿ ಒಬ್ಬ ಡಾಕ್ಟರ್ "ನುಡಿಸುವ ಹಾಗೆ ಕೂತು ತೋರಿಸಿ" ಎಂದರು. ಅವರ ಮೇಜಿನ ಮುಂದೆ ಕೂತು ತೋರಿಸಿದೆ. "ಕುರ್ಚಿ ಮೇಲೆ ಎರಡು ಕಂಬಳಿ ಮಡಚಿ ಹಾಕಿ" ಎಂದರು. ಬೆಲ್ಟು, ಮಾತ್ರೆ ಎಲ್ಲ ಆಮೇಲೆ.

ಅಳತೆ ಸುಲಭ. ನುಡಿಸುವಾಗ ಮುಂಗೈ ಮತ್ತು ಅಂಗೈಯ ಹಿಂಬದಿ ಒಂದೇ ನೇರದಲ್ಲಿರಬೇಕು, ಭುಜ ಕಿವಿಯ ಕಡೆಗೆ ಏರಿರಬಾರದು. ತಮಟೆಯವರು ಹೆಗಲ ಪಟ್ಟಿಯನ್ನು ಅಗಲ ಮಾಡಿಸಿ, ಕೆಳಗೆ ಟವೆಲ್ ಮಡಚಿ ಇಡಿ. ಕಿರಿದಾದ ಹಗ್ಗ ಕುತ್ತಿಗೆಯ ಬುಡವನ್ನು ಒತ್ತಿದರೂ ಕೈ ಜೋಮು ಹಿಡಿಯುತ್ತದೆ. ತಮಟೆಯ ಅಂಚು ಮುಂಗೈಗೆ ಕೊರೆಯುವ ಕಡೆ ಬಟ್ಟೆ ಸುತ್ತಿ.

5. ಶಬ್ದದ ಭಾರವನ್ನು ಕೈ ಮೇಲೆ ಹಾಕಬೇಡಿ

ನಮ್ಮದೇ ಜಿಲ್ಲೆಯ ಪಿಟೀಲು ವಿದ್ವಾನ್ ತಿರುಮಕೂಡಲು ಚೌಡಯ್ಯನವರು ಮೈಕ್ ಊರೂರಿಗೆ ಬರುವ ಮೊದಲಿನ ಕಾಲದವರು. ಹಿಂದಿನ ಸಾಲಿನವರಿಗೂ ಪಿಟೀಲು ಕೇಳಬೇಕಿತ್ತು. ಅದಕ್ಕವರು 1927ರಲ್ಲಿ ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿ ಏಳು ತಂತಿಯ ಪಿಟೀಲು ಕಟ್ಟಿದರು. ಹೆಚ್ಚಿನ ನಾದವನ್ನು ವಾದ್ಯದಿಂದಲೇ ಪಡೆದರು. ನಾನು ಅದರಿಂದ ಕಲಿತದ್ದು ಇಷ್ಟು: ಶಬ್ದ ಬೇಕಾದಾಗ ಮೊದಲು ವಾದ್ಯವನ್ನು ನೋಡಬೇಕು, ತೋಳನ್ನು ಆಮೇಲೆ.

ತಮಟೆ ಕಾಯಿಸುವ ಶಾಸ್ತ್ರವೂ ಇದೇ. ಕಾದು ಬಿಗಿಯಾದ ಚರ್ಮ ಕೋಲನ್ನು ತಾನೇ ಮೇಲಕ್ಕೆ ಚಿಮ್ಮಿಸುತ್ತದೆ. ತಂಪು ಹೊಡೆದು ಸಡಿಲಾದ ಚರ್ಮದಲ್ಲಿ ಹೊಡೆಯುವುದೂ ಕೈಯೇ, ಎತ್ತುವುದೂ ಕೈಯೇ. ಎಚ್.ಡಿ. ಕೋಟೆಯ ಕಾಡಂಚಿನ ಚಳಿಯಲ್ಲಿ ನಡುರಾತ್ರಿ ಎರಡು ಸಲ ಬೆಂಕಿ ಹಾಕಲು ಬೇಸರಪಡಬೇಡಿ, ಅದೇ ಬೆಂಕಿಗೆ ಕೈಯನ್ನೂ ಹಿಡಿಯಿರಿ. ವೀಣೆಯವರು ಪಕ್ಕದಲ್ಲಿ ಎಣ್ಣೆ ಬಟ್ಟಲು ಇಟ್ಟುಕೊಳ್ಳುವುದೂ ತಂತಿಯ ಮೇಲೆ ಬೆರಳು ಜಾರಲಿ, ಎಳೆತ ಹಗುರಾಗಲಿ ಎಂದೇ.

ಮೈಕ್ ಇದ್ದರೆ ಸೌಂಡಿನವರಿಗೆ ಹೇಳಿ ವಾದ್ಯದ ಹತ್ತಿರ ಇಡಿಸಿಕೊಳ್ಳಿ. ಡಿ.ಜೆ. ಎದುರು ತಮಟೆಯಲ್ಲಿ ಪೈಪೋಟಿಗೆ ಇಳಿಯಬೇಡಿ. ಕೈ ಸೋಲುತ್ತದೆ, ಕಿವಿಯೂ ಹೋಗುತ್ತದೆ.

6. ಅರ್ಧ ಗಂಟೆಗೊಮ್ಮೆ ಕೈ ಬಿಡಿ

ಎರಡು ನಿಮಿಷ ಸಾಕು. ಬೆರಳು ಪೂರ್ತಿ ಚಾಚಿ, ಭುಜ ಹಿಂದಕ್ಕೆ ತಿರುಗಿಸಿ, ನೀರು ಕುಡಿಯಿರಿ. ತಂಡದಲ್ಲಿ ಆರು ಜನರಿದ್ದರೆ ಇಬ್ಬಿಬ್ಬರು ಸರದಿಯಲ್ಲಿ ಬಿಡುವು ತೆಗೆದುಕೊಳ್ಳಿ, ಬಡಿತ ನಿಲ್ಲುವುದಿಲ್ಲ.

7. ನೋವು ಮರೆಸಿಕೊಂಡು ನುಡಿಸಬೇಡಿ

ರಂಗ ಹತ್ತುವ ಮುಂಚೆ ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ, ಮೆರವಣಿಗೆಗೆ ಮುಂಚೆ ಒಂದು ಪೆಗ್ಗು. ಎರಡೂ ನೋವನ್ನು ಮುಚ್ಚುತ್ತವೆ, ಗಾಯ ಒಳಗೆ ಬೆಳೆಯುತ್ತದೆ. ಕೇಳದೆ ನುಂಗುವ ಮಾತ್ರೆ ದಿನ ಕಳೆದಂತೆ ಹೊಟ್ಟೆ, ಮೂತ್ರಪಿಂಡಗಳನ್ನು ಹಿಡಿಯುತ್ತದೆ. ವರ್ಷಗಟ್ಟಲೆಯ ಕುಡಿತ ನರಗಳನ್ನೇ ತಿನ್ನುತ್ತದೆ. ಬೀಡಿಯೂ ಬೆರಳಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತದೆ.

8. ರಾತ್ರಿ ಮಣಿಕಟ್ಟನ್ನು ನೇರವಾಗಿಡಿ

ನಿದ್ದೆಯಲ್ಲಿ ಕೈ ಮಡಚಿ ತಲೆಯಡಿ ಇಟ್ಟುಕೊಳ್ಳುತ್ತೇವೆ, ಅದಕ್ಕೇ ಜೋಮು ರಾತ್ರಿ ಹೆಚ್ಚು. ಮಣಿಕಟ್ಟಿಗೆ ಕಟ್ಟುವ ಬೆಲ್ಟು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕೈ ನೇರವಾಗಿರುವ ಹಾಗೆ, ಬಿಗಿಯಾಗದಂತೆ ಕಟ್ಟಿ ಮಲಗಿ, ಒಂದೂವರೆ ತಿಂಗಳು ಬಿಡದೆ. ನನಗೆ ಮೂರನೇ ವಾರ ಪೂರ್ತಿ ನಿದ್ದೆ ಬಂತು. ಕಿರುಬೆರಳ ಜೋಮಿನವರು ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿ, ಪೂರ್ತಿ ಮಡಚದಂತೆ ಮಲಗಿ. ಮೊಬೈಲನ್ನು ಮಲಗಿಕೊಂಡು ಹಿಡಿದು ನೋಡುವುದನ್ನು ಇಬ್ಬರೂ ಬಿಡಿ. ಹ್ಯಾಂಡಲ್ ಹಿಡಿದರೂ ಮಣಿಕಟ್ಟು ದಣಿಯುತ್ತದೆ, ಕಾರ್ಯಕ್ರಮಕ್ಕೆ ಬೈಕಿನಲ್ಲಿ ದೂರ ಹೋಗುವಾಗ ನುಡಿಸುವವರು ಹಿಂದೆ ಕೂರಲಿ.

9. ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ

ಜೋಮು ಎರಡು ಮೂರು ವಾರ ಉಳಿದರೆ, ಕೈಯಿಂದ ಲೋಟ ಜಾರಿದರೆ, ಅಂಗಿ ಗುಂಡಿ ಹಾಕಲು ಕಷ್ಟವಾದರೆ, ಹೆಬ್ಬೆರಳ ಬುಡದ ದಪ್ಪ ಸ್ನಾಯು ಇಳಿದು ಗುಂಡಿ ಬಿದ್ದರೆ ತಡ ಮಾಡುವಂತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿ. ವಾದ್ಯ ನುಡಿಸುತ್ತೇನೆಂದು ಮೊದಲ ಮಾತಿಗೇ ಹೇಳಿ, ಸಾಧ್ಯವಾದರೆ ನುಡಿಸುವ ಭಂಗಿಯ ವಿಡಿಯೊ ತೋರಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಿ 12 ಕೊರತೆಗಳಿಗೆ ರಕ್ತ ಪರೀಕ್ಷೆ ಮಾಡಿಸಿ, ಇವುಗಳಿಂದಲೂ ಕೈ ಜೋಮು ಬರುತ್ತದೆ. ಬಸುರಿಯರಿಗೂ ಇದು ಬರಬಹುದು, ಹೆರಿಗೆಯ ನಂತರ ಹೆಚ್ಚಿನವರಿಗೆ ಇಳಿಯುತ್ತದೆ.

ಚರ್ಮದ ಮೇಲೆ ಸ್ಪರ್ಶ ತಿಳಿಯದ, ಬಣ್ಣ ಮಾಸಿದ ಮಚ್ಚೆ ಇದ್ದು ಕಿರುಬೆರಳು ಮರಗಟ್ಟಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಿ. ನಾಚಿಕೆ ಬೇಡ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಕಾಯಿಲೆ ಪೂರ್ತಿ ವಾಸಿಯಾಗುತ್ತದೆ, ಬೇಗ ಹೋದರೆ ಬೆರಳೂ ಉಳಿಯುತ್ತದೆ.

ಒಂದು ಎಚ್ಚರ. ಕೈ ದಿಢೀರನೆ ಸೋತು, ಬಾಯಿ ಓರೆಯಾಗಿ, ಮಾತು ತೊದಲಿದರೆ, ಅಥವಾ ಎದೆ ಹಿಂಡಿ ನೋವು ಎಡಗೈಗೆ ಇಳಿದರೆ ಅದು ವಾದ್ಯದ ನೋವಲ್ಲ. ಕಾರ್ಯಕ್ರಮ ಅಲ್ಲಿಗೇ ನಿಲ್ಲಿಸಿ 108ಕ್ಕೆ ಫೋನ್ ಮಾಡಿ.

10. ನೋವಿಲ್ಲದೆ ಬೆರಳು ಮಾತು ಕೇಳದಿದ್ದರೆ ಹಟ ಮಾಡಬೇಡಿ

ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಷರ್ ಅವರಿಗೆ 1960ರ ದಶಕದ ನಡುವೆ ಬಲಗೈಯ ಉಂಗುರದ ಬೆರಳು, ಕಿರುಬೆರಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳತೊಡಗಿದವು. ಅವರು ಅಭ್ಯಾಸವನ್ನು ಇನ್ನಷ್ಟು ಹೆಚ್ಚಿಸಿದರು, ಬೆರಳು ಇನ್ನಷ್ಟು ಕೈಕೊಟ್ಟಿತು. ಸುಮಾರು ಮೂವತ್ತು ವರ್ಷ ಎಡಗೈಯಿಂದಲೇ ನುಡಿಸಿದರು, ಶಿಷ್ಯರಿಗೆ ಕಲಿಸಿದರು, ವಾದ್ಯವೃಂದಗಳನ್ನು ನಿರ್ದೇಶಿಸಿದರು. ಬೊಟಾಕ್ಸ್ ಚುಚ್ಚುಮದ್ದು ಮತ್ತು ಆರೈಕೆಯಿಂದ ಚೇತರಿಸಿಕೊಂಡು 2004ರಲ್ಲಿ ಎರಡೂ ಕೈಗಳ ಆಲ್ಬಂ ತಂದರು. ಈ ಕಾಯಿಲೆಯ ಹೆಸರು ಫೋಕಲ್ ಡಿಸ್ಟೋನಿಯಾ. ದೋಷ ಬೆರಳಿನಲ್ಲಿ ಇರುವುದಿಲ್ಲ, ಬೆರಳನ್ನು ಆಳುವ ಮೆದುಳಿನ ಜಾಲದಲ್ಲಿ ಇರುತ್ತದೆ. ಊಟ ಮಾಡುವಾಗ ಸರಿಯಿದ್ದು ವಾದ್ಯ ಮುಟ್ಟಿದಾಗ ಮಾತ್ರ ಬೆರಳು ಸುರುಟಿಕೊಂಡರೆ ನರರೋಗ ತಜ್ಞರನ್ನು ಕಾಣಿ.

ಕೊನೆಗೆ ಮೇಷ್ಟ್ರುಗಳಲ್ಲಿ, ತಂಡದ ಯಜಮಾನರಲ್ಲಿ ಒಂದು ಮಾತು. ಕೈ ನೋವೆಂದರೆ ಮುಂದಿನ ಮುಂಗಡ ಇನ್ನೊಬ್ಬರ ಪಾಲಾಗುತ್ತದೆ ಎಂದು ಹೆದರಿ ಹುಡುಗರು ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ. ಅವರಾಗಿ ಹೇಳಲಿ ಎಂದು ಕಾಯಬೇಡಿ. ಮುಂದಿನ ತಾಲೀಮಿಗೆ ಕೂತಾಗ ವಾದ್ಯ ಮುಟ್ಟುವ ಮೊದಲು ಒಬ್ಬೊಬ್ಬರನ್ನೇ ಹತ್ತಿರ ಕರೆದು ಕೇಳಿ: "ರಾತ್ರಿ ಕೈ ಜೋಮು ಹಿಡಿಯುತ್ತದೇನಪ್ಪಾ? ಯಾವ ಬೆರಳು?"