ಮೆಣಸಿನ ಕಾಳೂ ಬೆಳ್ಳಿಯ ನಾಣ್ಯವೂ
(ರೇವುಪಟ್ಟಣಗಳ ಚರಿತ್ರೆಯಿಂದ ಒಂದು ಪಾಠ)



ಅಡಿಗೆಮನೆಯ ಸಂಬಾರದ ಡಬ್ಬಿಯನ್ನು ನೀವೆಲ್ಲರೂ ನೋಡಿರುವಿರಷ್ಟೆ. ಅದರಲ್ಲಿ ಕರಿಮೆಣಸೂ ಕೆಂಪು ಮೆಣಸಿನಕಾಯಿಯೂ ಅಕ್ಕಪಕ್ಕದಲ್ಲಿರುವುವು. ಮೊದಲನೆಯದು ನಮ್ಮ ಘಟ್ಟದ ಕಾಡುಗಳದ್ದು. ಎರಡನೆಯದು ಅಮೇರಿಕಾ ಖಂಡದ್ದು, ೧೬ನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳ ಮೂಲಕ ನಮಗೆ ಬಂದದ್ದು. ಹೊಸ ಕಾಯಿಗೆ ನಮ್ಮ ಹಿರಿಯರು ಹಳೆಯ ಕಾಳಿನ ಹೆಸರನ್ನೇ ಕೊಟ್ಟರು. ಇವೆರಡೂ ಒಂದೇ ಡಬ್ಬಿಯಲ್ಲಿ ಕೂಡಿದ್ದು ಹೇಗೆಂಬುದೇ ಈ ಪಾಠದ ವಿಷಯ.

ಹಾಯಿಹಡಗುಗಳ ಕಾಲದಲ್ಲಿ ಗಾಳಿಯೇ ವ್ಯಾಪಾರದ ಪಂಚಾಂಗವಾಗಿತ್ತು. ಒಂದು ಮಾರುತದೊಡನೆ ಬಂದ ವರ್ತಕನು ಇನ್ನೊಂದು ಮಾರುತವು ಬೀಸುವ ತನಕ ಕಾದಿರಬೇಕಾಗಿತ್ತು. ಕಾದಿರುವವನಿಗೆ ಸರಕನ್ನಿಡಲು ಉಗ್ರಾಣ ಬೇಕು, ನಾಣ್ಯವನ್ನು ಪರೀಕ್ಷಿಸುವ ಶರಾಫನು ಬೇಕು, ದುಭಾಷಿಯು ಬೇಕು, ವ್ಯಾಜ್ಯ ತೀರಿಸುವ ಅಧಿಕಾರಿಯು ಬೇಕು. ಇವೆಲ್ಲ ಕೂಡಿದಲ್ಲಿ ರೇವುಪಟ್ಟಣವು ಬೆಳೆಯಿತು. ಎರಡು ಮಾರುತಗಳು ಸಂಧಿಸುವ ಮಲಾಕ್ಕಾ ಪಟ್ಟಣದಲ್ಲಿ ಪರದೇಶದ ವರ್ತಕರ ಮೇಲ್ವಿಚಾರಣೆಗಾಗಿ ನಾಲ್ವರು ಶಾಬಂದರರಿದ್ದರು. ಅಲ್ಲಿ ೮೪ ಭಾಷೆಗಳು ಕೇಳಿಬರುತ್ತಿದ್ದವೆಂದು ತೊಮೆ ಪಿರೆಸ್ ಎಂಬ ಪೋರ್ತುಗೀಸನು ಬರೆದಿಟ್ಟಿದ್ದಾನೆ. ನಮ್ಮ ಭಟ್ಕಳದಲ್ಲಿ ಹೊರ್ಮುಜಿನಿಂದ ಬಂದ ಕುದುರೆಗಳು ಇಳಿದು ವಿಜಯನಗರಕ್ಕೆ ಹೋಗುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣಗಳು ಅಲ್ಲಿಂದ ಹಡಗನ್ನೇರುತ್ತಿದ್ದವು.

೧೪೯೮ರಲ್ಲಿ ವಾಸ್ಕೋ ಡ ಗಾಮನು ಆಫ್ರಿಕೆಯನ್ನು ಸುತ್ತಿಕೊಂಡು ಕಲ್ಲಿಕೋಟೆಗೆ ಬಂದನು. ಪೋರ್ತುಗೀಸರು ೧೫೧೦ರಲ್ಲಿ ಗೋವೆಯನ್ನೂ ೧೫೧೧ರಲ್ಲಿ ಮಲಾಕ್ಕಾವನ್ನೂ ಹಿಡಿದರು. ತಾವು ಕೊಟ್ಟ ರಹದಾರಿ ಚೀಟಿಯಿಲ್ಲದ ಹಡಗನ್ನು ಸರಕುಸಹಿತವಾಗಿ ಕಸಿದುಕೊಳ್ಳುವೆವೆಂದು ಅವರು ಸಾರಿದರು. ತಲೆತಲಾಂತರದಿಂದ ಕಡಲಿನಲ್ಲಿ ನಡೆದಾಡಿದವರು ತಮ್ಮ ಕಡಲಿನಲ್ಲಿಯೇ ಅಪ್ಪಣೆ ಬೇಡಬೇಕಾಯಿತು. ಉಳ್ಳಾಲದ ಅಬ್ಬಕ್ಕರಾಣಿಯು ಇದಕ್ಕೆ ತಲೆಬಾಗದೆ ಎದುರುನಿಂತಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನಾದರೋ, ಅವಳ ನಾಡಿನ ವ್ಯಾಪಾರದ ನಿಮಿತ್ತ, ಪೋರ್ತುಗೀಸರೇ ‘ಮೆಣಸಿನ ರಾಣಿ’ ಎಂದು ಕರೆದರು.

ಆದರೆ ಮೆಣಸಿಗೂ ಬಟ್ಟೆಗೂ ಬದಲಾಗಿ ಯೂರೋಪಿನವರು ಕೊಡತಕ್ಕದ್ದೇನು? ಅವರ ಸರಕುಗಳಿಗೆ ಇಲ್ಲಿ ಗಿರಾಕಿಗಳು ಕಡಿಮೆ. ಆದುದರಿಂದ ಬೆಳ್ಳಿಯನ್ನೇ ತರಬೇಕಾಯಿತು. ದಕ್ಷಿಣ ಅಮೇರಿಕೆಯ ಪೊತೊಸಿಯಲ್ಲಿ ೧೫೪೫ರಲ್ಲಿ ಬೆಳ್ಳಿಯ ಬೆಟ್ಟವೊಂದು ಗೋಚರವಾಗಿತ್ತು. ೧೫೭೧ರಲ್ಲಿ ಸ್ಪೇನಿನವರು ಮನಿಲಾ ಪಟ್ಟಣವನ್ನು ಸ್ಥಾಪಿಸಿದರು. ಅಮೇರಿಕೆಯ ಬೆಳ್ಳಿಯು ಶಾಂತಸಾಗರವನ್ನು ದಾಟಿ ಅಲ್ಲಿಗೆ ಬಂದು, ಚೀನಾದ ರೇಷ್ಮೆಗೆ ವಿನಿಮಯವಾಗತೊಡಗಿತು. ಈ ಹಡಗುಗಳ ಓಡಾಟವು ೧೮೧೫ರ ವರೆಗೂ ನಡೆಯಿತು. ಮೊದಲ ಬಾರಿಗೆ ವ್ಯಾಪಾರದ ನೂಲು ಭೂಮಂಡಲವನ್ನು ಪೂರ್ತಿಯಾಗಿ ಸುತ್ತಿತೆಂಬ ಕಾರಣದಿಂದ, ೧೫೭೧ನ್ನೇ ಜಗದ್ವ್ಯಾಪಾರದ ಜನ್ಮವರ್ಷವೆಂದು ಕೆಲವು ಚರಿತ್ರಕಾರರು ಎಣಿಸುತ್ತಾರೆ.

ಈ ಪಾಠವನ್ನು ನಾನು ಒಮ್ಮೆ ಹೇಳಿಮುಗಿಸಿದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅಮ್ಮಾ, ಆ ಬೆಳ್ಳಿಯನ್ನು ಅಗೆದವರಿಗೆ ಏನು ಸಿಕ್ಕಿತು?” ಎಂದು ಕೇಳಿದಳು. ಹಡಗುಗಳ ಹೆಸರೂ ಇಸವಿಗಳೂ ನನಗೆ ಬಾಯಿಪಾಠವಾಗಿದ್ದವು. ಈ ಪ್ರಶ್ನೆಯನ್ನು ಮಾತ್ರ ನಾನು ಎಂದೂ ಕೇಳಿಕೊಂಡಿರಲಿಲ್ಲ. ಮರುದಿನ ಓದಿಕೊಂಡು ಬಂದು ಉತ್ತರ ಕೊಟ್ಟೆನು. ಆ ಬೆಟ್ಟದಲ್ಲಿ ಮೂಲನಿವಾಸಿಗಳನ್ನು ಸರದಿಯ ಮೇಲೆ ಬಲಾತ್ಕಾರದಿಂದ ದುಡಿಸುತ್ತಿದ್ದರು. ಆಫ್ರಿಕೆಯ ಜನರನ್ನು ಸರಕಿನಂತೆ ತುಂಬಿಕೊಂಡು ಹೋಗಿ ಮಾರುತ್ತಿದ್ದರು. ಜಾಯಿಕಾಯಿ ಬೆಳೆಯುವ ಬಾಂದಾ ದ್ವೀಪಗಳನ್ನು ಡಚ್ ಕಂಪೆನಿಯು ೧೬೨೧ರಲ್ಲಿ ಗೆದ್ದಾಗ, ಅಲ್ಲಿನ ನಿವಾಸಿಗಳಲ್ಲಿ ಬಹುಮಂದಿ ಹತರಾದರು, ಹಸಿವಿನಿಂದ ಸತ್ತರು, ಇಲ್ಲವೆ ದಾಸರಾಗಿ ಒಯ್ಯಲ್ಪಟ್ಟರು. ಇದನ್ನು ಕೇಳಿ ತರಗತಿಯು ನಿಶ್ಶಬ್ದವಾಯಿತು.

ಕೋಟೆಗಳು ಉಳಿಯಲಿಲ್ಲ. ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ತುಗೀಸ್ ಕೋಟೆಗಳನ್ನು ೧೬೫೦ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ವಶಮಾಡಿಕೊಂಡನು. ಆದರೂ ಕನ್ನಡ ಜಿಲ್ಲೆಯ ಅಕ್ಕಿಯು ಗೋವೆಗೂ ಮಸ್ಕತಿಗೂ ಹೋಗುತ್ತಲೇ ಇತ್ತು. ಯಾಕಂದರೆ ಅರಸರು ಬದಲಾದರೂ ಹಸಿವು ಬದಲಾಗುವುದಿಲ್ಲ. ಚಾವಿ, ಅಲಮಾರು, ಬಟಾಟೆ, ಅನಾನಸು ಎಂಬ ಮಾತುಗಳು ಪೋರ್ತುಗೀಸರಿಂದ ನಮ್ಮ ಬಾಯಿಗೆ ಬಂದು ಇಲ್ಲಿಯವೇ ಆಗಿಬಿಟ್ಟವು.

ಆದುದರಿಂದ, ಮಕ್ಕಳೇ, ಅಗ್ಗವಾಗಿ ದೊರಕುವ ಯಾವ ವಸ್ತುವನ್ನಾದರೂ ಕೈಯಲ್ಲಿ ಹಿಡಿದಾಗ, ಇದರ ಬೆಲೆಯೆಷ್ಟೆಂದು ಕೇಳುವುದರೊಂದಿಗೆ, ಈ ಬೆಲೆಯನ್ನು ಯಾರು ತೆತ್ತರೆಂದೂ ಕೇಳಿರಿ. ಆ ಹುಡುಗಿಯು ನನಗೆ ಕಲಿಸಿದ ಪಾಠವಿದು.

ಅಭ್ಯಾಸ
೧. ಗಾಳಿಗೂ ರೇವುಪಟ್ಟಣಗಳ ಬೆಳವಣಿಗೆಗೂ ಸಂಬಂಧವೇನು?
೨. ರಹದಾರಿ ಚೀಟಿಯಿಂದ ನಮ್ಮ ಕರಾವಳಿಯ ವರ್ತಕರಿಗಾದ ನಷ್ಟವೇನು?
೩. ನಿಮ್ಮ ಅಡಿಗೆಮನೆಯಲ್ಲಿರುವ ಐದು ಪದಾರ್ಥಗಳ ಮೂಲಸ್ಥಾನವನ್ನು ಭೂಪಟದಲ್ಲಿ ಗುರುತಿಸಿರಿ.