ಮನೆತನದ ಹೆಸರಿನ ಡೊಮೇನ್ ಅನ್ಯರ ವಶದಲ್ಲಿದ್ದರೆ

ಮನೆತನದ ಹೆಸರಿನಲ್ಲೇ ವ್ಯಾಪಾರ ನಡೆಸುವವರಿಗೆ ಆ ಹೆಸರಿನ ಡೊಮೇನ್ ಬೇಕೆನಿಸುವುದು ಸಹಜ. ಆದರೆ ಅದೇ ಕುಲನಾಮದ ಬೇರೊಬ್ಬರು ಮೊದಲೇ ನೋಂದಾಯಿಸಿಕೊಂಡಿದ್ದರೆ ಕಾನೂನಿನ ನೆರವು ಸುಲಭವಾಗಿ ದೊರೆಯದು.

ಅಮೆರಿಕದ ಉತ್ತರ ಕೆರೊಲಿನಾದ ಗಣಕಯಂತ್ರ ವ್ಯಾಪಾರಿ ಉಜಿ ನಿಸ್ಸಾನ್ 1994ರಲ್ಲಿ ತಮ್ಮ ಕುಲನಾಮದಲ್ಲಿ ನಿಸ್ಸಾನ್ ಡಾಟ್ ಕಾಮ್ ಪಡೆದರು. ಜಪಾನಿನ ಕಾರು ಕಂಪನಿಯು 1999ರಲ್ಲಿ ದಾವೆ ಹೂಡಿತು. ಆ ತಾಣದಲ್ಲಿ ಕಾರಿನ ಜಾಹೀರಾತು ಹಾಕಿದ್ದು ವ್ಯಾಪಾರ ಚಿಹ್ನೆಯ ಉಲ್ಲಂಘನೆಯೆಂದು ತೀರ್ಮಾನವಾಯಿತು. ಆದರೆ ಹೆಸರು ಕೈತಪ್ಪಲಿಲ್ಲ. 2020ರಲ್ಲಿ ನಿಧನರಾಗುವವರೆಗೂ ಅದು ಅವರಲ್ಲೇ ಇತ್ತು. ವರ್ಷಗಟ್ಟಲೆ ವಕೀಲರ ಖರ್ಚು ಇಬ್ಬರಿಗೂ ತಪ್ಪಲಿಲ್ಲವೆನ್ನಿ.

ನಮ್ಮಲ್ಲಿ, ಬೆಂಗಳೂರಿನಲ್ಲಿ ಆರಂಭವಾದ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆ ರಕ್ಷಣೆಯುಂಟೆಂದಿತು. ಅಲ್ಲಿದ್ದುದು 'ಸಿಫಿ' ಎಂಬ ಕಲ್ಪಿತ ಪದ. ಕುಲನಾಮವಾದರೋ ಹಲವರಿಗೆ ಸೇರಿದ್ದು. ಪ್ರಾಮಾಣಿಕವಾಗಿ ಆ ಹೆಸರನ್ನು ಹೊತ್ತವನಿಗೆ ದುರುದ್ದೇಶವಿತ್ತೆಂದು ಸಾಧಿಸುವುದು ಕಷ್ಟ.

ಆದ್ದರಿಂದ ದಾವೆಗಿಂತ ಮಾತುಕತೆ ಲೇಸು. ಬೆಲೆ ಕುದುರಿದರೆ ಹಣವನ್ನು ಎಸ್ಕ್ರೋ ಖಾತೆಯಲ್ಲಿರಿಸಿ, ನೋಂದಣಿ ವರ್ಗಾವಣೆಯಾದ ಮೇಲಷ್ಟೇ ಬಿಡುಗಡೆ ಮಾಡಿಸತಕ್ಕದ್ದು. ಒಪ್ಪದಿದ್ದರೆ ಊರಿನ ಅಥವಾ ಸರಕಿನ ಹೆಸರನ್ನು ಕುಲನಾಮಕ್ಕೆ ಸೇರಿಸಿ ಬೇರೆ ಡೊಮೇನ್ ಪಡೆಯಬಹುದು. ಖರೀದಿಯ ಬೆಲೆಯನ್ನು ಸಾಮಾನ್ಯವಾಗಿ ಅಮೂರ್ತ ಆಸ್ತಿಯೆಂದು ತೋರಿಸಬೇಕೇ ಹೊರತು ಜಾಹೀರಾತು ವೆಚ್ಚವೆಂದಲ್ಲ. ವಾರ್ಷಿಕ ನವೀಕರಣ ಶುಲ್ಕ ಮಾತ್ರ ಆಯಾ ವರ್ಷದ ಖರ್ಚು.